ಬೇರೆಯಾದ ಅಪ್ಪ-ಅಮ್ಮ, ನಡುವೆ ಮಗು: ಭೇಟಿಗೆ ಯಾವ ಏರ್ಪಾಡು ಒಳ್ಳೆಯದು?

ಮಳೆಗಾಲ ಶುರುವಾದಾಗಿನಿಂದ, ಕೇರಳದ ಗಡಿಯಲ್ಲಿರುವ ನಮ್ಮ ಕಾಸರಗೋಡು ಜಿಲ್ಲೆಯ ಮೂರು ಮನೆಯವರು ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದ್ದಾರೆ.

ಮೊದಲನೆಯವಳು ಮಂಜೇಶ್ವರದ ಕಡೆಯ ತಾಯಿ. ಗಂಡ ಮಂಗಳೂರಿನಲ್ಲಿ ಇದ್ದಾನೆ. 6 ವರ್ಷದ ಮಗಳು ಇವಳ ಜೊತೆ. ಇಬ್ಬರ ನಡುವೆ ಹೊಡೆದಾಟ ಏನೂ ಇಲ್ಲ, ಆದರೆ ಎದುರು ನಿಂತರೆ ಮಾತು ಬೆಳೆಯುತ್ತದೆ. ಎರಡನೆಯವರು ಹೊಸದುರ್ಗದ ಕಡೆಯವರು, ದುಬೈಯಲ್ಲಿ ಕೆಲಸ. 11 ವರ್ಷದ ಮಗ ತಾಯಿಯ ಮನೆಯಲ್ಲಿ ಬೆಳೆಯುತ್ತಿದ್ದಾನೆ. ಇವರಿಗೆ ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ಮೂರನೆಯವಳು ಬದಿಯಡ್ಕದ ಹತ್ತಿರದವಳು. ಮಗುವಿಗೆ 3 ವರ್ಷ. ಗಂಡ ಕುಡಿದು ಹೊಡೆಯುತ್ತಿದ್ದ ಅಂತಲೇ ತವರಿಗೆ ಬಂದವಳು. "ಮಗುವನ್ನು ತೋರಿಸು ಅಂತ ಅವರ ಮನೆಯವರು ಹೇಳಿ ಕಳಿಸಿದ್ದಾರೆ ಟೀಚರ್. ಎಲ್ಲಿ ತೋರಿಸಲಿ?" ಅಂತ ಕೇಳಿದಳು.

ನಾನು ವಕೀಲೆ ಅಲ್ಲ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಿ ಆದವಳು. ಆದರೆ ನನ್ನ ತಂಗಿಯ ಮಗಳ ಸಂಸಾರ ಒಡೆದಾಗ ಅವಳ ಮಗ ತನ್ನ ಅಪ್ಪನನ್ನು ನೋಡುತ್ತಿದ್ದದ್ದು ನಮ್ಮ ಮನೆಯ ಜಗಲಿಯಲ್ಲಿ. ತಿಂಗಳಿಗೆ ಎರಡು ಶನಿವಾರ, ನಾಲ್ಕು ವರ್ಷ. ಆಮೇಲೆ ಊರಿನ ಇನ್ನೂ ಒಂದೆರಡು ಮನೆಗಳಿಗೆ ನಡುವಿನ ಮನುಷ್ಯಳಾಗಿ ಕೂತಿದ್ದೇನೆ. ಈ ಬರಹ ಅದರಿಂದ ಬಂದದ್ದು.

ಮೊದಲ ಶನಿವಾರ ಆ ಅಪ್ಪ ಒಂದು ಅಂಗಿ ತಂದಿದ್ದ. ಎಂಟು ತಿಂಗಳಿಂದ ಮಗುವನ್ನು ನೋಡಿರಲಿಲ್ಲ. ಅಂಗಿಯ ಅಳತೆ ಎಂಟು ತಿಂಗಳ ಹಿಂದಿನದ್ದು. ಗುಂಡಿ ಹಾಕಲು ಆಗಲಿಲ್ಲ. ಬಿಚ್ಚಲು ಹೋದರೆ ಹುಡುಗ ಬಿಡಲಿಲ್ಲ. ತೋಳಿನ ಸುತ್ತ ಕೆಂಪು ಗೆರೆ ಬೀಳುವವರೆಗೆ ಹಾಕಿಕೊಂಡೇ ಕೂತಿದ್ದ. ಆ ಗೆರೆ ನೋಡಿದ ಮೇಲೆ, ಈ ಭೇಟಿಗಳು ಇಷ್ಟು ದೀರ್ಘ ಕಾಲ ನಿಲ್ಲಲೇಬಾರದು ಅಂತ ನನಗೆ ಗಟ್ಟಿಯಾಯಿತು.

ಇನ್ನೊಂದು ವಿಷಯವೂ ನಿಧಾನವಾಗಿ ಗೊತ್ತಾಯಿತು. ಭೇಟಿ ಕೆಡುವುದು ಗೇಟಿನ ಹತ್ತಿರ. ಒಬ್ಬರು ಮಗುವನ್ನು ಬಿಡುವ ಐದು ನಿಮಿಷ, ಮತ್ತೆ ಕರೆದುಕೊಂಡು ಹೋಗುವ ಐದು ನಿಮಿಷ. "ಫೀಸ್ ಯಾಕೆ ಕಟ್ಟಲಿಲ್ಲ?" "ನಿನ್ನ ಅಣ್ಣ ಹಾಗೆ ಯಾಕೆ ಹೇಳಿದ?" ಅಷ್ಟು ಸಾಕು. ಒಳಗೆ ಎರಡು ಗಂಟೆ ನಕ್ಕ ಮಗು ಆ ಹತ್ತು ನಿಮಿಷವನ್ನೇ ಮನೆಗೆ ಹೊತ್ತುಕೊಂಡು ಹೋಗುತ್ತದೆ. ಹಾಗಾಗಿ ಯಾವ ಏರ್ಪಾಡನ್ನು ನೋಡುವಾಗಲೂ ನಾನು ಮೊದಲು ಕೇಳುವುದು, ಈ ಹತ್ತು ನಿಮಿಷವನ್ನು ಯಾರು ಕಾಯುತ್ತಾರೆ ಅಂತ.

ಆರಿಸುವ ಮೊದಲು ನೋಡಬೇಕಾದ್ದು

ಎಲ್ಲಕ್ಕಿಂತ ಮೊದಲು ಸುರಕ್ಷತೆ. ಹೊಡೆತ, ಕುಡಿತ, ಮಗುವನ್ನು ಎತ್ತಿಕೊಂಡು ಹೋಗುವ ಬೆದರಿಕೆ, ಇದರಲ್ಲಿ ಯಾವುದಾದರೂ ಇದ್ದರೆ ಉಳಿದ ಲೆಕ್ಕ ಆಮೇಲೆ. ಇಲ್ಲಿ ಮೂರು ಮಟ್ಟ ಇದೆ. ಕೆಲವು ಮನೆಗಳಲ್ಲಿ ಮಗುವನ್ನು ಕೊಡುವಾಗ, ಪಡೆಯುವಾಗ ಮಾತ್ರ ಮೂರನೆಯವರು ಬೇಕು. ಕೆಲವು ಕಡೆ ಭೇಟಿ ಮುಗಿಯುವವರೆಗೂ ಯಾರಾದರೂ ಪಕ್ಕದ ಕೋಣೆಯಲ್ಲಿ ಇದ್ದರೆ ಸಾಕು. ಇನ್ನು ಕೆಲವು ಕಡೆ ಯಾರಾದರೂ ಎದುರೇ ಕೂತು, ಪ್ರತಿ ಮಾತು ಕೇಳುತ್ತಾ, ಕಣ್ಣಿಡಬೇಕು. ನಿಮ್ಮದು ಯಾವ ಮಟ್ಟ ಅಂತ ಕೋಪ ಇಳಿದ ಒಂದು ದಿನ ಕೂತು ಯೋಚಿಸಿ. "ಅವರು ನನಗೆ ಒಳ್ಳೆಯ ಗಂಡ ಆಗಲಿಲ್ಲ" ಅನ್ನುವುದು ಬೇರೆ, "ಮಗುವಿಗೆ ಅವರಿಂದ ಅಪಾಯ ಇದೆ" ಅನ್ನುವುದು ಬೇರೆ. ಎರಡನ್ನೂ ಕಲಸಿದರೆ ಮಗುವಿಗೆ ಅನ್ಯಾಯ ಆಗುತ್ತದೆ. ಎರಡನೆಯದನ್ನು ಸಣ್ಣದು ಮಾಡಿದರೆ ಇನ್ನೂ ದೊಡ್ಡ ಅನ್ಯಾಯ.

ಆಮೇಲೆ ಮಗುವಿನ ಪ್ರಾಯ. ಮೂರು ವರ್ಷದೊಳಗಿನ ಮಗುವಿಗೆ ತಿಂಗಳಿಗೊಮ್ಮೆ ಇಡೀ ದಿನ ಕೊಟ್ಟರೆ ಪ್ರಯೋಜನ ಇಲ್ಲ. ಅಷ್ಟರಲ್ಲಿ ಮುಖ ಮರೆತಿರುತ್ತದೆ. ವಾರಕ್ಕೊಮ್ಮೆ ಒಂದು ಗಂಟೆ ಒಳ್ಳೆಯದು. ಆರೇಳು ವರ್ಷದವರಿಗೆ ಎರಡು ಮೂರು ಗಂಟೆ ಹಿಡಿಸುತ್ತದೆ. ಹತ್ತು ದಾಟಿದವರಿಗೆ ಅರ್ಧ ದಿನ, ಒಂದು ದಿನ ಬೇಕು, ಅವರನ್ನೇ ಕೇಳಲೂ ಬೇಕು.

ದೂರ ಮತ್ತು ಖರ್ಚು. ತಿಂಗಳಿಗೆ ಎರಡು ಸಲ ಅಂದರೆ ವರ್ಷಕ್ಕೆ 24 ಪ್ರಯಾಣ. ಮೊದಲ ತಿಂಗಳ ಉತ್ಸಾಹದಲ್ಲಿ ಒಪ್ಪಿಕೊಂಡದ್ದು ಆಟಿ ತಿಂಗಳ ಮಳೆಯಲ್ಲಿ ನಡೆಯುತ್ತದಾ ಅಂತ ನೋಡಿಕೊಳ್ಳಿ. ಎರಡು ತಿಂಗಳು ನಡೆದು ನಿಂತುಹೋಗುವ ದೊಡ್ಡ ಏರ್ಪಾಡಿಗಿಂತ ನಾಲ್ಕು ವರ್ಷ ನಡೆಯುವ ಸಣ್ಣ ಏರ್ಪಾಡು ಮೇಲು.

ನಮ್ಮ ಕಡೆ ಭಾಷೆಯನ್ನೂ ನೋಡಲೇಬೇಕು. ಮಗು ಮನೆಯಲ್ಲಿ ತುಳು, ಶಾಲೆಯಲ್ಲಿ ಮಲಯಾಳ, ಅಪ್ಪನ ಹತ್ತಿರ ಕನ್ನಡ ಮಾತಾಡುತ್ತಿರಬಹುದು. ಪಕ್ಕದಲ್ಲಿ ಕೂರುವವರಿಗೆ ಮಗು ಮಾತಾಡುವ ಭಾಷೆ ಬರದಿದ್ದರೆ ಅವರು ಕೂತೂ ಕೂರದ ಹಾಗೆ. ಅಮ್ಮನ ಬಗ್ಗೆ ಅಪ್ಪ ಏನು ಹೇಳಿಕೊಟ್ಟ, ಮಗು ಯಾಕೆ ಸುಮ್ಮನಾಯಿತು, ಅವರಿಗೆ ಗೊತ್ತಾಗುವುದಿಲ್ಲ.

ಕೊನೆಗೆ ಕಾಗದ. ಎಲ್ಲವೂ ಬಾಯಿಮಾತಿನಲ್ಲಿ ಇರಬೇಕಾ, ಬರೆದ ಒಪ್ಪಂದ ಬೇಕಾ, ಕೋರ್ಟಿನ ಆದೇಶ ಬೇಕಾ ಅನ್ನುವುದು ಇಬ್ಬರ ನಡುವಿನ ನಂಬಿಕೆಯ ಮೇಲೆ.

ನೆಂಟರ ಮನೆ

ನಮ್ಮಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಸೋದರಮಾವನ ಮನೆ, ದೊಡ್ಡಮ್ಮನ ಮನೆ, ಅತ್ತೆಯ ಮನೆ. ಖರ್ಚಿಲ್ಲ. ಮಗುವಿಗೆ ಗೊತ್ತಿರುವ ಅಂಗಳ, ಗೊತ್ತಿರುವ ಬೆಕ್ಕು. ಮಳೆ ಬಂದರೂ ತೊಂದರೆ ಇಲ್ಲ. ಹಸಿವಾದರೆ ಗಂಜಿ-ಚಟ್ನಿ ಸಿಗುತ್ತದೆ. ಎರಡು ಗಂಟೆಯ ಭೇಟಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ನಾನು ಈಗಲೂ ಹೇಳುತ್ತೇನೆ.

ಆದರೆ ಕಷ್ಟ ಇರುವುದು ಮನೆಯವರಲ್ಲಿ. ತಾಯಿಯ ಅಣ್ಣನ ಮನೆಯಾದರೆ ಅಪ್ಪನಿಗೆ ಅದು ಎದುರಾಳಿಯ ಮನೆ. ಜಗಲಿಯಲ್ಲಿ ಭಾವ ಕೈಕಟ್ಟಿ ಕೂತಿದ್ದರೆ ಮಗನ ಜೊತೆ ಆಟ ಆಡಲು ಯಾರಿಗಾದರೂ ಮನಸ್ಸು ಬರುತ್ತದಾ? ಅಪ್ಪನ ಕಡೆಯವರ ಮನೆಯಾದರೆ ತಾಯಿಗೆ ಎದೆ ಢವಢವ. ಒಳ್ಳೆಯ ಮನಸ್ಸಿನ ಅಜ್ಜಿಯಂದಿರೂ ಮಗು ಹೋಗುವಾಗ ಸೆರಗಿನಲ್ಲಿ ಕಣ್ಣು ಒರೆಸಿ "ನಿನ್ನ ಅಮ್ಮ ಹೀಗೆ ಮಾಡಬಾರದಿತ್ತು ಪುಟ್ಟಾ" ಅಂದುಬಿಡುತ್ತಾರೆ.

ಆದ್ದರಿಂದ ಮನೆ ಹುಡುಕಬೇಡಿ, ಮನುಷ್ಯರನ್ನು ಹುಡುಕಿ. ಎರಡೂ ಕಡೆಯವರು ಗೌರವ ಕೊಡುವವರು, ಜಗಳದಲ್ಲಿ ಒಬ್ಬರ ಪರ ಮಾತಾಡದವರು, ಮಗುವಿನ ಹತ್ತಿರ ಪ್ರಶ್ನೆ ಕೇಳದವರು. ಹತ್ತಿರದ ನೆಂಟರಿಗಿಂತ ಸ್ವಲ್ಪ ದೂರದವರು, ಮಗುವಿನ ಹಳೆಯ ಟೀಚರ್, ಇಬ್ಬರಿಗೂ ಬೇಕಾದ ನೆರೆಮನೆಯವರು ವಾಸಿ. ಅವರು ಮಾಡಬೇಕಾದ ಕೆಲಸ ಜಾಸ್ತಿ ಇಲ್ಲ, ಆದರೆ ನಿಯಮ ಗಟ್ಟಿ ಇರಬೇಕು. ನಮ್ಮ ಮನೆಯಲ್ಲಿ ತಂಗಿಯ ಮಗಳು ಮೂರು ಗಂಟೆಗೆ ಹತ್ತು ನಿಮಿಷ ಇರುವಾಗ ಮಗುವನ್ನು ಬಿಟ್ಟು ಹೋಗುತ್ತಿದ್ದಳು. ಅಪ್ಪ ಬರುತ್ತಿದ್ದದ್ದು ಮೂರು ಕಳೆದು ಐದು ನಿಮಿಷಕ್ಕೆ. ಹೋಗುವಾಗ ಅವನು ಮೊದಲು ಹೊರಡುತ್ತಿದ್ದ, ಅವಳು ಆಮೇಲೆ ಬರುತ್ತಿದ್ದಳು. ಗೇಟಿನಲ್ಲಿ ಇಬ್ಬರೂ ಎದುರಾಗಲೇ ಇಲ್ಲ. ಆ ನಡುವಿನ ಹತ್ತು ಹದಿನೈದು ನಿಮಿಷ ಹುಡುಗ ನನ್ನ ಜೊತೆ ಕೂತು ಅವಲಕ್ಕಿ ತಿನ್ನುತ್ತಿದ್ದ. ಅಪ್ಪ ಹೋದ ಮೇಲೆ ಅವನು ಮಾತಾಡದೆ ಚಪ್ಪಲಿಯ ಪಟ್ಟಿ ಹಾಕುವುದು, ತೆಗೆಯುವುದು ಮಾಡುತ್ತಿದ್ದ. ನಾನೂ ಏನೂ ಕೇಳುತ್ತಿರಲಿಲ್ಲ. ಅಮ್ಮ ಬರುವ ಹೊತ್ತಿಗೆ ಅವನು ಮತ್ತೆ ಮಾಮೂಲಿ ಹುಡುಗ.

ಯಾರಾದರೂ ನಿಮಗೆ ಇಷ್ಟು ಮಾಡಿಕೊಟ್ಟರೆ ಅವರ ಉಪಕಾರ ಮರೆಯಬೇಡಿ. ಒಂದು ಮಾತು ಮಾತ್ರ: ಹೊಡೆತದ ಹಿನ್ನೆಲೆ ಇದ್ದರೆ ವಯಸ್ಸಾದವರ ಮನೆ ಬೇಡ. ಅಂಥವನನ್ನು ತಡೆಯುವ ಶಕ್ತಿ ಅವರಿಗೆ ಇರುವುದಿಲ್ಲ.

ಊರಿನ ಸಾರ್ವಜನಿಕ ಜಾಗ

ಬೇಕಲ ಕೋಟೆ, ಸಮುದ್ರ ತೀರ, ದೇವಸ್ಥಾನದ ಅಂಗಳ, ಹೋಟೆಲು. ಇಲ್ಲಿ ಯಾರ ಮನೆಯ ಋಣವೂ ಇಲ್ಲ. ಜನ ಇರುವುದರಿಂದ ಇಬ್ಬರೂ ದನಿ ತಗ್ಗಿಸುತ್ತಾರೆ. ಓಡಾಡುವ ಪ್ರಾಯದ ಮಕ್ಕಳಿಗೆ ಬೇಕಲ ತುಂಬಾ ಒಳ್ಳೆಯದು. 15 ವರ್ಷದೊಳಗಿನವರಿಗೆ ಕೋಟೆಗೆ ಟಿಕೆಟ್ ಇಲ್ಲ, ಅಪ್ಪ-ಮಗ ಮಾತಿಲ್ಲದೆಯೂ ಎರಡು ಗಂಟೆ ನಡೆಯಬಹುದು. ಮಾತು ಬಾರದ ದಿನ ನಡಿಗೆ ಉಪಕಾರಕ್ಕೆ ಬರುತ್ತದೆ.

ತೊಂದರೆ ಎರಡು. ಒಂದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಜಾಗವನ್ನು ನಂಬಿ ಕೂತರೆ ನಾಲ್ಕು ತಿಂಗಳು ಭೇಟಿಯೇ ಇಲ್ಲ. ಇನ್ನೊಂದು ಗುರುತು. ಕುಂಬಳೆ ಪೇಟೆಯಲ್ಲಿ ಕೂತರೆ ಅರ್ಧ ಗಂಟೆಯಲ್ಲಿ ನಾಲ್ಕು ಜನ ಪರಿಚಯದವರು ಸಿಗುತ್ತಾರೆ. "ಓ, ಅಪ್ಪ ಬಂದಿದ್ದಾರಾ? ಇನ್ನು ಒಟ್ಟಿಗೆ ಇರ್ತೀರಾ?" ಅಂತ ಮಗುವನ್ನೇ ಕೇಳುವವರಿದ್ದಾರೆ. ಹಾಗಾಗಿ ಒಂದೆರಡು ಸ್ಟೇಷನ್ ಆಚೆಗೆ ಹೋಗುವುದು ಒಳ್ಳೆಯದು. ದೇವಸ್ಥಾನ ಆರಿಸುವುದಾದರೆ ಜಾತ್ರೆ, ವಿಶೇಷ ಪೂಜೆ ಇಲ್ಲದ ದಿನ ನೋಡಿ.

ಜನ ಯೋಚಿಸದ ಒಂದು ಜಾಗ ಊರಿನ ಗ್ರಂಥಾಲಯ. ಕೇರಳದಲ್ಲಿ ಸಣ್ಣ ಸಣ್ಣ ಊರಲ್ಲೂ ವಾಚನಾಲಯ ಇದೆ. ತಲೆ ಮೇಲೆ ಮಾಡು, ಪಕ್ಕದಲ್ಲಿ ಒಬ್ಬರು, ಗದ್ದಲ ಮಾಡಬಾರದು ಅನ್ನುವ ನಿಯಮ ಮೊದಲೇ ಇದೆ. ಗ್ರಂಥಾಲಯ ನೋಡಿಕೊಳ್ಳುವವರಿಗೆ ವಿಷಯ ಮೊದಲೇ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ. ಒಂದು ಮನೆಯವರಿಗೆ ನಾನು ಇದನ್ನು ಹೇಳಿದ್ದೆ. ಅಪ್ಪ ಮಗಳಿಗೆ ಪ್ರತಿ ಸಲ ಒಂದೇ ಕಥೆಪುಸ್ತಕದ ಮುಂದಿನ ಎರಡು ಪಾಠ ಓದಿ ಹೇಳುತ್ತಿದ್ದ. ಕಥೆ ಏನಾಯಿತು ಅಂತ ತಿಳಿಯಲು ಮಗಳು ಮುಂದಿನ ಶನಿವಾರ ಕಾಯುತ್ತಿದ್ದಳು.

ಅಪಾಯ ಇರುವ ಕಡೆ ಸಾರ್ವಜನಿಕ ಜಾಗ ಸಾಲದು. ಜನ ಇದ್ದಾರೆ ಅನ್ನುವುದು ಕಾವಲು ಅಲ್ಲ. ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿದರೆ "ಅವಳ ಅಪ್ಪ ಅಲ್ವಾ" ಅಂತ ಯಾರೂ ತಡೆಯುವುದಿಲ್ಲ.

ಕೋರ್ಟು ಮತ್ತು ಮಧ್ಯಸ್ಥಿಕೆ

ಕೋರ್ಟು ಅಂದರೆ ಹೆದರಿಕೆ ಸಹಜ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಗೊತ್ತಿಲ್ಲದೆ ಕಳೆದುಕೊಳ್ಳುವವರೇ ಜಾಸ್ತಿ.

ಮಗುವಿನ ಪಾಲನೆಯ ಅರ್ಜಿಯನ್ನು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಪ್ರಕಾರ ಮಗು ಸಾಮಾನ್ಯವಾಗಿ ವಾಸ ಇರುವ ಜಾಗದ ಕೋರ್ಟಿನಲ್ಲಿ ಹಾಕಬೇಕು. ಈ ಕಾಯ್ದೆ ಎಲ್ಲ ಧರ್ಮದವರಿಗೂ ಇದೆ. ಮಗು ಮಂಜೇಶ್ವರದಲ್ಲಿದ್ದರೆ, ಅಪ್ಪ ಮಂಗಳೂರಿನವನಾದರೂ ಅವನು ಕಾಸರಗೋಡಿನ ಕುಟುಂಬ ನ್ಯಾಯಾಲಯಕ್ಕೇ ಬರಬೇಕು. ಹಿಂದೂ ಕಾನೂನಿನಲ್ಲಿ 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅಂತ ಇದೆ. ಆದರೆ ಕೊನೆಗೆ ಕೋರ್ಟು ನೋಡುವುದು ಮಗುವಿನ ಹಿತವನ್ನೇ.

ಕೇಸು ಹಾಕದೆಯೂ ದಾರಿ ಇದೆ. ಕಾಸರಗೋಡಿನ ವಿದ್ಯಾನಗರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಅಲ್ಲಿ ಒಂದು ಅರ್ಜಿ ಕೊಟ್ಟರೆ ಇಬ್ಬರನ್ನೂ ಕರೆಸಿ ಮಾತಾಡಿಸುತ್ತಾರೆ. ಮಾತು ಕುದುರಿ ಲೋಕ ಅದಾಲತ್‌ನಲ್ಲಿ ಒಪ್ಪಂದ ಆದರೆ ಅದಕ್ಕೆ ಕೋರ್ಟಿನ ತೀರ್ಪಿನಷ್ಟೇ ಬೆಲೆ. 1987ರ ಕಾನೂನು ಸೇವಾ ಕಾಯ್ದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ಸಹಾಯ ಸಿಗುತ್ತದೆ. ಫೋನಿನಲ್ಲಿ ಕೇಳುವುದಾದರೆ 15100. ಕಾಗದ ಬೇಕು, ಜಗಳ ಬೇಡ ಅನ್ನುವವರಿಗೆ ನಾನು ಮೊದಲು ತೋರಿಸುವ ಬಾಗಿಲು ಇದು.

ಕೋರ್ಟಿನ ಆವರಣದಲ್ಲೇ ಭೇಟಿ ಮಾಡಿಸುವ ಆದೇಶಗಳೂ ಇವೆ. ಅದರ ಬಲ ಏನು ಅಂದರೆ ಹಾಜರಿ ದಾಖಲಾಗುತ್ತದೆ, ಯಾರೂ ದನಿ ಎತ್ತುವುದಿಲ್ಲ, ಮಗುವನ್ನು ಹೊತ್ತುಕೊಂಡು ಹೋಗುವ ಹೆದರಿಕೆ ಕಡಿಮೆ. ಗೇಟಿನ ಹತ್ತು ನಿಮಿಷವನ್ನು ಕೋರ್ಟೇ ಕಾಯುತ್ತದೆ. ಆದರೆ ಮಗುವಿಗೆ ಅದು ಮಗುವಿನ ಜಾಗ ಅಲ್ಲ. ಒಂದು ಕೋರ್ಟಿನ ವರಾಂಡದಲ್ಲಿ ನಾನು ಒಬ್ಬರ ಜೊತೆ ಹೋಗಿ ಕೂತಿದ್ದೆ. ಅಪ್ಪನ ರೈಲು ತಡ. ಅವನು ಬರುವಷ್ಟರಲ್ಲಿ ಮಗು ಬೆಂಚಿನ ಮೇಲೆ ನಿದ್ದೆ ಹೋಗಿತ್ತು. ಎಬ್ಬಿಸಲು ಅಮ್ಮನಿಗೆ ಮನಸ್ಸಿಲ್ಲ. ಎಬ್ಬಿಸದಿದ್ದರೆ ಭೇಟಿ ತಪ್ಪಿಸಿದಳು ಅಂತ ಆಗುತ್ತದೆ. ಅಪ್ಪ ಅರ್ಧ ಗಂಟೆ ಮಗುವಿನ ಕಾಲ ಬುಡದಲ್ಲಿ ಸುಮ್ಮನೆ ಕೂತು ಎದ್ದುಹೋದ. ಮಕ್ಕಳನ್ನು ಕೋರ್ಟಿನ ಆವರಣದಲ್ಲಿ ಕೊಡುವುದು, ಪಡೆಯುವುದು ಆದಷ್ಟು ತಪ್ಪಬೇಕು ಅಂತ ಕೇರಳ ಹೈಕೋರ್ಟು ಕೂಡ ಹೇಳಿದೆ. ಹಾಗಾಗಿ ಆದೇಶ ಕೇಳುವಾಗಲೇ "ಭೇಟಿ ಇಂಥವರ ಮನೆಯಲ್ಲಿ ಆಗಲಿ" ಅಂತ ಒಬ್ಬರ ಒಪ್ಪಿಗೆ ಜೊತೆ ಕೇಳಿ. ಕೋರ್ಟಿನ ಬಲವೂ ಇರುತ್ತದೆ, ಮಗುವಿಗೆ ಜಗಲಿಯೂ ಸಿಗುತ್ತದೆ.

ಭಾಷೆಯ ಮಾತು ಇಲ್ಲಿ ಮತ್ತೆ ಬರುತ್ತದೆ. ಮಧ್ಯಸ್ಥಿಕೆಗೆ ಕೂರುವವರು ಕನ್ನಡ ಅಥವಾ ತುಳು ಗೊತ್ತಿರುವವರಾಗಲಿ ಅಂತ ಮೊದಲೇ ಬರೆದು ಕೇಳಿ. ಕಾಗದ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದರೆ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿಸಿಕೊಂಡ ಮೇಲೆಯೇ ಸಹಿ ಹಾಕಿ. ನಾಚಿಕೆ ಬೇಡ. "ತಿಂಗಳ ಎರಡನೇ ಶನಿವಾರ" ಅಂತ ತಿಳಿದು ಸಹಿ ಹಾಕಿ, ಆಮೇಲೆ ನೋಡಿದರೆ "ಎರಡು ಶನಿವಾರ" ಅಂತ ಇದ್ದ ಮನೆಯನ್ನು ನಾನು ಬಲ್ಲೆ.

ಕೌನ್ಸೆಲರ್ ಕೋಣೆ

ಮಂಗಳೂರಿನಂಥ ದೊಡ್ಡ ಊರಿನಲ್ಲಿ ಮಕ್ಕಳ ಜೊತೆ ಕೆಲಸ ಮಾಡುವ ಕೌನ್ಸೆಲರ್‌ಗಳು ಸಿಗುತ್ತಾರೆ. ಮಗು ಅಪ್ಪನನ್ನೋ ಅಮ್ಮನನ್ನೋ ನೋಡಲು ಪೂರ್ತಿ ಬೇಡ ಅನ್ನುವಾಗ, ತುಂಬ ಕಾಲದಿಂದ ಸಂಪರ್ಕ ಕಡಿದುಹೋಗಿರುವಾಗ ಮೊದಲ ನಾಲ್ಕೈದು ಭೇಟಿ ಅವರ ಎದುರು ಆಗುವುದು ಒಳ್ಳೆಯದು. ಮಗು ಯಾಕೆ ಹಿಂಜರಿಯುತ್ತದೆ ಅಂತ ಅವರಿಗೆ ತಿಳಿಯುತ್ತದೆ. ಆದರೆ ಪ್ರತಿ ಸಲ ಶುಲ್ಕ, ಪ್ರಯಾಣ, ಅರ್ಧ ದಿನ. ವರ್ಷಗಟ್ಟಲೆ ನಡೆಸಲು ಎಲ್ಲರಿಗೂ ಆಗುವುದಿಲ್ಲ. ನಡೆಸಬೇಕಾಗಿಯೂ ಇಲ್ಲ. ಖರ್ಚು ಮಾಡಲು ಆಗದವರು ಕೇರಳ ಸರಕಾರದ ಮಹಿಳಾ ಯೋಜನೆಯಾದ ಕುಟುಂಬಶ್ರೀಯ ಸ್ನೇಹಿತಾ ಸಹಾಯ ಕೇಂದ್ರದಲ್ಲಿ ಕೇಳಿ ನೋಡಿ, ಅಲ್ಲಿ ಕೌನ್ಸೆಲಿಂಗ್ ಉಚಿತ.

ವಿಡಿಯೋ ಕರೆ

ಯಶಿತಾ ಸಾಹು ಪ್ರಕರಣದಲ್ಲಿ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಒಂದು ಒಳ್ಳೆಯ ಮಾತು ಹೇಳಿದೆ. ಮಗು ತಮ್ಮ ಹತ್ತಿರ ಇಲ್ಲದ ಅಪ್ಪನಿಗೋ ಅಮ್ಮನಿಗೋ ವಿಶೇಷ ಕಾರಣ ಇಲ್ಲದಿದ್ದರೆ ದಿನಕ್ಕೆ 5ರಿಂದ 10 ನಿಮಿಷ ಮಗುವಿನ ಜೊತೆ ಮಾತಾಡುವ ಹಕ್ಕು ಇರಬೇಕು, ಅದಕ್ಕೆ ವಿಡಿಯೋ ಕರೆ ಒಳ್ಳೆಯ ದಾರಿ ಅಂತ. ಅಪ್ಪ-ಅಮ್ಮ ಬೇರೆ ಬೇರೆ ರಾಜ್ಯದಲ್ಲಿ ಇರುವಾಗ ಇದು ಇನ್ನೂ ಮುಖ್ಯ ಅಂತಲೂ ಹೇಳಿದೆ. ತಲಪಾಡಿ ಗಡಿಯ ಆಚೆ ಒಬ್ಬರು, ಈಚೆ ಒಬ್ಬರು ಇರುವ ನಮ್ಮ ಮನೆಗಳಿಗೆ ಹೇಳಿ ಮಾಡಿಸಿದ ಮಾತು ಇದು. ಅದೇ ವರ್ಷ ಮಾರ್ಚ್‌ನಲ್ಲಿ ಕೊರೋನಾ ಅಂತ ಗಡಿಯ ರಸ್ತೆಗೆ ಮಣ್ಣು ಹಾಕಿದ್ದು ನೆನಪಿದೆಯಲ್ಲ? ಆಗ ನಮ್ಮ ಹುಡುಗನಿಗೆ ತಿಂಗಳುಗಟ್ಟಲೆ ಅಪ್ಪ ಅಂದರೆ ಫೋನಿನ ಪರದೆ ಮಾತ್ರ.

ವಿಡಿಯೋ ಅಗ್ಗ, ಸುರಕ್ಷಿತ, ದಿನವೂ ಮಾಡಬಹುದು. ಆದರೆ ಚಿಕ್ಕ ಮಗುವನ್ನು "ಮಾತಾಡು, ಮಾತಾಡು" ಅಂತ ಕೂರಿಸಿದರೆ ಎರಡೇ ನಿಮಿಷಕ್ಕೆ ಓಡಿಹೋಗುತ್ತದೆ. ಒಟ್ಟಿಗೆ ಚಿತ್ರ ಬಿಡಿಸಿ, ಮಗ್ಗಿ ಹೇಳಿಸಿ, ಒಗಟು ಕೇಳಿ. ಫೋನು ಹಿಡಿದುಕೊಂಡವರು ಹಿಂದಿನಿಂದ ಉತ್ತರ ಹೇಳಿಕೊಡಬಾರದು. ಗಲ್ಫಿನಲ್ಲಿರುವವರು ಸಮಯದ ಲೆಕ್ಕ ನೋಡಬೇಕು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ, ಕತಾರ್, ಕುವೈತ್ ಎರಡೂವರೆ ಗಂಟೆ ಹಿಂದೆ. ಅವರು ಕೆಲಸ ಮುಗಿಸಿ ಕೋಣೆಗೆ ಬಂದು ಫೋನು ಮಾಡುವಾಗ ಇಲ್ಲಿ ಮಗು ನಿದ್ದೆಗಣ್ಣಿನಲ್ಲಿ ಇರುತ್ತದೆ. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆಯೂ ಅಲ್ಲಿ ಇನ್ನೂ ನಸುಕು. ರಜೆಯ ದಿನ ಒಂದು ದೊಡ್ಡ ಕರೆ, ಉಳಿದ ದಿನ ಸಂಜೆ ಕೆಲಸದ ನಡುವೆ ಐದು ನಿಮಿಷ ಅಂತ ಇಟ್ಟುಕೊಳ್ಳಿ. ಯುಎಇಯಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲ, ಬೋಟಿಮ್‌ನಂಥ ಆ್ಯಪ್ ಬೇಕು. ಅದನ್ನು ಇಲ್ಲಿನ ಫೋನಿಗೆ ಮೊದಲೇ ಹಾಕಿ ಪರೀಕ್ಷೆ ಮಾಡಿ ಇಡಿ. ಕರೆ ಹತ್ತದಿದ್ದಾಗ ಮಗು ಆ್ಯಪಿನ ಮೇಲೆ ತಪ್ಪು ಹಾಕುವುದಿಲ್ಲ. "ಅಪ್ಪ ಮರೆತ" ಅಂತಲೇ ತಿಳಿಯುತ್ತದೆ.

ವಿಡಿಯೋ ಮಾತ್ರ ಸಾಕು ಅಂತ ಮಾತ್ರ ಹೇಳಬೇಡಿ. ತೊಡೆಯ ಮೇಲೆ ಕೂರುವ ಪ್ರಾಯದ ಮಗುವಿಗೆ ತೊಡೆ ಬೇಕು.

ಮಗುವನ್ನು ಕೊಟ್ಟು ಕಳಿಸುವುದು

ಇಬ್ಬರ ನಡುವೆ ನಂಬಿಕೆ ಇದ್ದು, ಮಗುವಿಗೂ ಅಭ್ಯಾಸ ಆಗಿದ್ದರೆ ಇಡೀ ದಿನಕ್ಕೋ ರಾತ್ರಿ ಉಳಿಯಲೋ ಕಳಿಸಬಹುದು. ಆಗ ನಡುವಿನ ಮನುಷ್ಯ ಬೇಕಾಗುವುದು ಕೈಯಿಂದ ಕೈಗೆ ಕೊಡುವಾಗ ಮಾತ್ರ. ರೈಲ್ವೆ ಸ್ಟೇಷನ್ ಇದಕ್ಕೆ ಒಳ್ಳೆಯದು. ಸಮಯ ನಿಗದಿ ಇರುತ್ತದೆ, ನಿಂತು ಜಗಳ ಮಾಡಲು ರೈಲು ಬಿಡುವುದಿಲ್ಲ. ಪ್ಯಾಸೆಂಜರ್ ರೈಲು ಬಸ್ಸಿಗಿಂತ ಅಗ್ಗ, 5 ವರ್ಷದೊಳಗಿನ ಮಗುವಿಗೆ ಟಿಕೆಟ್ ಇಲ್ಲ. ಶಾಲೆಯ ಗೇಟಿನಲ್ಲಿ ಕೊಡುವುದು ನನಗೆ ಇಷ್ಟ ಇಲ್ಲ. ಗೆಳೆಯರು ನೋಡುತ್ತಾರೆ, ಮರುದಿನ ಕೇಳುತ್ತಾರೆ. ಶಾಲೆಯಾದರೂ ಮಗುವಿಗೆ ಈ ಗಲಾಟೆಯಿಂದ ದೂರದ ಜಾಗ ಆಗಿರಲಿ.

ರಜೆಯ ಲೆಕ್ಕದಲ್ಲಿ ನಮ್ಮ ಗಡಿಯಲ್ಲಿ ಒಂದು ತೊಡಕಿದೆ. ಕೇರಳದ ಶಾಲೆಗೆ ಓಣಂ ರಜೆ, ಕ್ರಿಸ್‌ಮಸ್ ರಜೆ. ಕರ್ನಾಟಕದಲ್ಲಿ ದಸರಾ ರಜೆ. "ದಸರಾ ರಜೆ ಅಪ್ಪನ ಹತ್ತಿರ" ಅಂತ ಮಂಗಳೂರಿನ ಲೆಕ್ಕದಲ್ಲಿ ಬರೆದರೆ ಇಲ್ಲಿ ಮಗುವಿಗೆ ಶಾಲೆ ಇರುತ್ತದೆ. ಮಗು ಹೋಗುವ ಶಾಲೆಯ ಕ್ಯಾಲೆಂಡರ್ ಎದುರಿಟ್ಟುಕೊಂಡೇ ಬರೆಯಿರಿ. ಎರಡೂ ಕಡೆ ಸೇರುವುದು ಏಪ್ರಿಲ್-ಮೇ ಮಾತ್ರ. ಬಿಸು ಯಾರ ಮನೆಯಲ್ಲಿ, ದೀಪಾವಳಿ ಯಾರ ಮನೆಯಲ್ಲಿ, ಮಳೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟ ಶನಿವಾರ ಭೇಟಿ ಯಾವತ್ತು, ಜ್ವರ ಬಂದರೆ ಏನು, ಎಷ್ಟು ನಿಮಿಷ ಕಾದ ಮೇಲೆ ಹೊರಡಬಹುದು, ಇದೆಲ್ಲ ಒಂದು ಹಾಳೆಯಲ್ಲಿ ಇರಲಿ. ಜೀವನಾಂಶ ಬಂತೋ ಇಲ್ಲವೋ ಅನ್ನುವುದಕ್ಕೆ ಬೇರೆ ದಾರಿ ಇದೆ. ದುಡ್ಡು ಬಂದಿಲ್ಲ ಅಂತ ಭೇಟಿ ನಿಲ್ಲಿಸಬೇಡಿ, ಭೇಟಿ ತಪ್ಪಿತು ಅಂತ ದುಡ್ಡು ನಿಲ್ಲಿಸಬೇಡಿ.

ಆ ಮೂರು ಮನೆಗಳಿಗೆ ನಾನು ಹೇಳಿದ್ದು

ಮಂಜೇಶ್ವರದ ತಾಯಿಗೆ ಕಾಸರಗೋಡಿಗಿಂತ ಮಂಗಳೂರೇ ಹತ್ತಿರ. ಅವಳಿಗೆ ನಾನು ಹೇಳಿದ್ದು, ಕೋರ್ಟು ಬೇಡ, ಬಾಯಿಮಾತೂ ಬೇಡ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಒಪ್ಪಂದ ಬರೆಸು. ಹದಿನೈದು ದಿನಕ್ಕೊಮ್ಮೆ ಭಾನುವಾರ ಮೂರು ಗಂಟೆ ಹೊತ್ತು, ಇಬ್ಬರಿಗೂ ಪರಿಚಯ ಇರುವ ಒಬ್ಬರ ಮನೆಯಲ್ಲಿ. ಅಪ್ಪ ಮೊದಲು ಬರಲಿ, ನೀನು ಗೇಟಿನ ಒಳಗೆ ಹೋಗಬೇಡ. ಆರು ತಿಂಗಳು ಸರಿಯಾಗಿ ನಡೆದರೆ ಇಡೀ ದಿನ ಮಂಗಳೂರಿಗೆ ಕಳಿಸು. ನಡುವೆ ದಿನವೂ ಫೋನು. ಅವಳು ಒಪ್ಪಿದ್ದಾಳೆ. ಮಧ್ಯದವರಾಗಿ ಅವಳ ಹಳೆಯ ಟೈಲರಿಂಗ್ ಟೀಚರ್ ಒಪ್ಪಿಕೊಂಡಿದ್ದಾರೆ.

ದುಬೈಯ ತಂದೆಗೆ ಇಡೀ 30 ದಿನ ಮಗ ತನ್ನ ಜೊತೆಯೇ ಇರಬೇಕು ಅಂತ ಆಸೆ. ಆ ಆಸೆ ನನಗೆ ಅರ್ಥ ಆಗುತ್ತದೆ. ಹನ್ನೊಂದು ತಿಂಗಳು ಒಂದು ಕೋಣೆಯಲ್ಲಿ ಇದ್ದು ಕಾದವರು. ಆದರೆ ಹುಡುಗನಿಗೆ ಅವರು ಇಷ್ಟು ದಿನ ಪರದೆಯ ಮೇಲಿನ ಮುಖ. ಮೊದಲ ಎರಡು ಮೂರು ದಿನ ಹಗಲು ಮಾತ್ರ ಭೇಟಿ, ಹುಡುಗನಿಗೆ ಇಷ್ಟವಾದ ಜಾಗದಲ್ಲಿ. ಆಮೇಲೆ ವಾರಾಂತ್ಯ ಎರಡು ರಾತ್ರಿ. ಕೊನೆಯ ವಾರ ಹುಡುಗ ಒಪ್ಪಿದರೆ ಜಾಸ್ತಿ. ಹೊರಡುವ ಹಿಂದಿನ ದಿನ ಮಾತ್ರ ಅವನನ್ನು ಅಮ್ಮನ ಮನೆಗೆ ಬಿಟ್ಟುಬಿಡಿ, ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋಗಬೇಡಿ ಅಂದೆ. ರಜೆಯನ್ನು ಏಪ್ರಿಲ್-ಮೇಯಲ್ಲಿ ಕೇಳಿ, ಇಲ್ಲದಿದ್ದರೆ ಓಣಂ ಹೊತ್ತಿಗೆ. ತಾಯಿಗೆ ಹೆದರಿಕೆ ಇದ್ದರೆ, ಒಪ್ಪಿಗೆ ಇಲ್ಲದೆ ಮಗನನ್ನು ದೇಶದ ಹೊರಗೆ ಕರೆದುಕೊಂಡು ಹೋಗುವುದಿಲ್ಲ ಅಂತ ನೀವೇ ಬರೆದುಕೊಡಿ ಅಂತಲೂ ಹೇಳಿದೆ. ಅದನ್ನು ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ "ಕೊಡ್ತೇನೆ ಟೀಚರ್" ಅಂದರು.

ಬದಿಯಡ್ಕದ ಹುಡುಗಿಗೆ ನಾನು ಜಾಗ ಹೇಳಲಿಲ್ಲ. ಅವಳ ಕೈ ಹಿಡಿದು ಹೇಳಿದ್ದು ಬೇರೆ. ನೆಂಟರ ಒತ್ತಾಯಕ್ಕೆ ಎಲ್ಲಿಯೂ ತೋರಿಸಬೇಡ, ನನ್ನ ಮನೆಯಲ್ಲೂ ಬೇಡ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 21ನೇ ಸೆಕ್ಷನ್ ಇರುವುದೇ ಇದಕ್ಕೆ. ಮ್ಯಾಜಿಸ್ಟ್ರೇಟರು ಮಗುವನ್ನು ತಾತ್ಕಾಲಿಕವಾಗಿ ನಿನ್ನ ವಶಕ್ಕೆ ಕೊಡಬಹುದು, ಭೇಟಿ ಹೇಗೆ ಆಗಬೇಕು ಅಂತ ಬರೆಯಬಹುದು. ಭೇಟಿಯಿಂದ ಮಗುವಿಗೆ ಕೆಡುಕು ಆಗುತ್ತದೆ ಅಂತ ಕಂಡರೆ ಅದನ್ನು ನಿರಾಕರಿಸಲೇಬೇಕು ಅಂತ ಅದೇ ಸೆಕ್ಷನ್ ಹೇಳುತ್ತದೆ. ಆದೇಶ ಬಂದ ಮೇಲೆ, ಭೇಟಿ ಇದ್ದರೆ ಅದು ಕೋರ್ಟು ಹೇಳಿದ ಜಾಗದಲ್ಲಿ, ಯಾರಾದರೂ ಎದುರು ಕೂತು ನೋಡುವ ಭೇಟಿ ಆಗಲಿ. ಕುಡಿದು ಬಂದರೆ ಆ ದಿನ ಭೇಟಿ ಇಲ್ಲ ಅಂತ ಆದೇಶದಲ್ಲೇ ಬರೆಸು. ಅಲ್ಲಿಯವರೆಗೆ ಬಾಗಿಲಿಗೆ ಬಂದು ಗಲಾಟೆ ಮಾಡಿದರೆ 112, ನಿನಗೆ ಸಹಾಯ ಬೇಕಾದರೆ 181, ಮಗುವಿನ ವಿಷಯಕ್ಕೆ 1098. ಮೂರನ್ನೂ ಅವಳ ಫೋನಿನಲ್ಲಿ ನಾನೇ ಕೂತು ಸೇವ್ ಮಾಡಿಕೊಟ್ಟೆ. ಮಂಗಳವಾರ ಬೆಳಿಗ್ಗೆಯ ಬಸ್ಸಿಗೆ ನಾವಿಬ್ಬರೂ ವಿದ್ಯಾನಗರಕ್ಕೆ ಹೋಗುತ್ತಿದ್ದೇವೆ.